ಓರೆಗೆರೆಯ ಕೆಳಗಿನ ಸ್ವರ

"ಮೇಷ್ಟ್ರೇ, ವಾದಕನಿಗೆ ಸ್ವರ ಬರೆದುಕೊಡದೆ ಬರೀ ಓರೆಗೆರೆ ಎಳೆದು ಕೊಡುವುದು ಸೋಮಾರಿತನವಲ್ಲವೇ?"

ಕೇಳಿದವಳು ಮೇದಿನಿ. ವರದರಾಜ ಮೇಷ್ಟ್ರ ಬಳಿ ಸಂಗೀತ ಸಂಯೋಜನೆ ಕಲಿಯುತ್ತಿದ್ದಳು. ಕಂಪ್ಯೂಟರಿನಲ್ಲಿ ನೊಟೇಶನ್, ಅಂದರೆ ಸ್ವರಲಿಪಿ, ಬರೆಯುವ ತಂತ್ರಾಂಶವನ್ನು ಮೇಷ್ಟ್ರು ಅಂದು ಅವಳಿಗೆ ತೋರಿಸಿಕೊಟ್ಟಿದ್ದರು. ಪಾಶ್ಚಾತ್ಯ ಪದ್ಧತಿಯ ಐದು ಗೆರೆಗಳ ಮೇಲೆ ಸ್ವರಗಳನ್ನು ಕೂರಿಸಿ, ಬೇಕಾದಷ್ಟನ್ನು ಆಯ್ದುಕೊಂಡು ಒಂದು ಆಜ್ಞೆ ಕೊಟ್ಟರೆ, ಸ್ವರಗಳ ದುಂಡು ತಲೆಗಳು ಮಾಯವಾಗಿ ಆ ಜಾಗದಲ್ಲಿ ಓರೆಗೆರೆಗಳು ನಿಲ್ಲುತ್ತಿದ್ದವು. ಯಾವಾಗ ಮೀಟಬೇಕು, ಎಷ್ಟು ಹೊತ್ತು ಹಿಡಿಯಬೇಕು ಎನ್ನುವುದು ಆ ಗೆರೆಗಳಿಂದ ವಾದಕನಿಗೆ ತಿಳಿಯುತ್ತದೆ. ಯಾವ ಸ್ವರ ಎನ್ನುವುದು ಮಾತ್ರ ಅವನಿಗೆ ಬಿಟ್ಟದ್ದು. ಲಯ ಬರೆದವನದು, ಸ್ವರ ನುಡಿಸುವವನದು.

"ಸೋಮಾರಿತನದಿಂದಲೂ ಎಳೆಯಬಹುದು. ನಿನ್ನ ಹಾಗೆ ಊಟದ ಹೊತ್ತಿಗೆ ಮನೆ ಸೇರುವ ಆತುರವಿದ್ದರಂತೂ ಬೇಗ ಬೇಗ ಎಳೆಯಬಹುದು," ಎಂದರು ಮೇಷ್ಟ್ರು. ಮೇದಿನಿ ನಕ್ಕಳು. ಮೇಷ್ಟ್ರು ನಗಲಿಲ್ಲ. ಈ ಕತೆ ಹೇಳಿದರು.

ಒಬ್ಬ ಸಂಯೋಜಕನಿದ್ದ. ಅವನ ಹಾಡುಗಳಿಗೆ ಒಬ್ಬ ಮ್ಯಾಂಡೊಲಿನ್ ವಾದಕ ನುಡಿಸುತ್ತಿದ್ದ. ವಾದಕ ವಯಸ್ಸಿನಲ್ಲಿ ಹಿರಿಯ, ಸಂಯೋಜಕನಿಗೆ ಅಣ್ಣನಂತಿದ್ದವನು. ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚೆ ಅವನ ಮ್ಯಾಂಡೊಲಿನ್ ಬರುತ್ತಿತ್ತು. ಅದನ್ನು ಕೇಳುತ್ತಾ ಗಾಯಕರು ತಾವು ಮುಂದೆ ಹಾಡಬೇಕು ಎನ್ನುವುದನ್ನೇ ಮರೆಯುತ್ತಿದ್ದರು. ಆಮೇಲೆ ಬೈಸಿಕೊಳ್ಳುತ್ತಿದ್ದರು.

ಹೀಗಿರುವಾಗ ವಾದಕನಿಗೆ ಲಕ್ವ ಹೊಡೆಯಿತು. ತಿಂಗಳುಗಟ್ಟಲೆ ಮಲಗಿದ. ನಿಧಾನವಾಗಿ ಮಾತು ಸರಿಹೋಯಿತು, ಕಾಲು ಸರಿಹೋಯಿತು. ಎಡಗೈಯ ಕೊನೆಯ ಎರಡು ಬೆರಳುಗಳು ಮಾತ್ರ ಸರಿಹೋಗಲಿಲ್ಲ. ತಂತಿಯನ್ನು ಒತ್ತಬೇಕಾದ ಕೈ ಅದು. ವಾದಕ ಈ ಸಂಗತಿಯನ್ನು ಹೆಂಡತಿಯ ಹೊರತು ಯಾರಿಗೂ ಹೇಳಲಿಲ್ಲ. ಕೈ ಹೋಯಿತಂತೆ ಎಂದು ಒಮ್ಮೆ ಸುದ್ದಿಯಾದರೆ ಆಮೇಲೆ ಯಾರೂ ಕರೆಯುವುದಿಲ್ಲ. ಕರೆದರೂ ಅಯ್ಯೋ ಪಾಪ ಎಂದು ಕರೆಯುತ್ತಾರೆ. ಆ ಪಾಪ ಅವನಿಗೆ ಬೇಕಿರಲಿಲ್ಲ. ಕೊನೆಯವರೆಗೂ ವಾದಕನಾಗಿಯೇ ಇರಬೇಕು ಎನ್ನುವುದೊಂದೇ ಅವನ ಆಸೆ.

ಗುಣವಾದನೆಂದು ತಿಳಿದ ಕೂಡಲೇ ಸಂಯೋಜಕ ಹೇಳಿಕಳಿಸಿದ. ಆ ಸಲ ಹಾಡು ಬರೆಯಲು ಅವನಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಉಳಿದವರಿಗೆಲ್ಲ ಹೇಗೋ ಸ್ವರ ಬರೆದು ಮುಗಿಸಿ, ಮ್ಯಾಂಡೊಲಿನ್ನಿನ ಜಾಗದಲ್ಲಿ ಲಯವನ್ನಷ್ಟೇ ಗುರುತಿಸಿ ಓರೆಗೆರೆ ಹಾಕಿ ಕೊಟ್ಟ. ವಾದಕ ಆ ಹಾಳೆಯನ್ನು ನೋಡಿ ಒಳಗೊಳಗೇ ಸಮಾಧಾನಪಟ್ಟ. ಉಳಿದ ಬೆರಳುಗಳಿಗೆ ಎಟುಕುವ ಸ್ವರಗಳನ್ನೇ ಆರಿಸಿಕೊಂಡು, ಬರೆದುಕೊಟ್ಟ ಲಯಕ್ಕೆ ಕೂರಿಸಿ ನುಡಿಸಿದ. ಸ್ವರಗಳು ಕಡಿಮೆ ಇದ್ದವು. ಒಂದೊಂದನ್ನೂ ಯೋಚಿಸಿ ಇಟ್ಟಿದ್ದ. ಸ್ಟುಡಿಯೊದಲ್ಲಿದ್ದವರ ಕಣ್ಣು ಒದ್ದೆಯಾಯಿತು. ಕಾಯಿಲೆಯಿಂದ ಎದ್ದ ಮೇಲೆ ಇವನ ಕೈ ಇನ್ನೂ ಮಾಗಿದೆ ಎಂದರು. ಬೆರಳು ಹೋಗಿದೆಯೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ವಾದಕ ಆ ದಿನ ಮನೆಗೆ ಹೋಗುವಾಗ ಹೆಂಡತಿಗೆ ಹೂವು ಕೊಂಡು ಹೋದ.

ಈ ಸಂಯೋಜಕರ ಜಾತಿಯೇ ಹಾಗೆ, ಚೆನ್ನಾಗಿ ಆದದ್ದನ್ನು ಇದ್ದ ಹಾಗೆ ಬಿಡುವುದಿಲ್ಲ. ಅವನಿಗೆ ಮನಸ್ಸಿನಲ್ಲಿ ಕೊರೆಯತೊಡಗಿತು. ಇಂಥ ವಾದಕನಿಗೆ ನಾನು ನಾಲ್ಕು ಗೆರೆ ಗೀಚಿ ಕೊಟ್ಟೆನಲ್ಲ, ಅವರೇನೋ ದೊಡ್ಡ ಮನಸ್ಸಿನಿಂದ ನುಡಿಸಿದರು, ನಾನು ಎಂಥ ಅಲಕ್ಷ್ಯ ಮಾಡಿದೆ ಎಂದುಕೊಂಡ. ಅಷ್ಟರಲ್ಲಿ ಅವರಿಬ್ಬರ ಹಳೆಯ ಹಾಡೊಂದನ್ನು ಹೊಸದಾಗಿ ಧ್ವನಿಮುದ್ರಿಸುವ ಕೆಲಸ ಬಂತು. ಈ ಸಲ ಅಣ್ಣನಿಗೆ ತಕ್ಕ ಮರ್ಯಾದೆ ಮಾಡಬೇಕು ಎಂದು ಸಂಯೋಜಕ ತೀರ್ಮಾನಿಸಿದ.

ಹಳೆಯ ಧ್ವನಿಮುದ್ರಿಕೆಯನ್ನು ಹುಡುಕಿ ತೆಗೆದ. ವಾದಕ ತನ್ನ ಒಳ್ಳೆಯ ಕಾಲದಲ್ಲಿ ನುಡಿಸಿದ್ದನ್ನು ಮತ್ತೆ ಮತ್ತೆ ಕೇಳಿ, ಒಂದು ಗಮಕವನ್ನೂ ಬಿಡದೆ ತಂತ್ರಾಂಶದಲ್ಲಿ ಬರೆದುಕೊಂಡ. ಬರೆದು ಮುಗಿಸಿ ಕಂಪ್ಯೂಟರಿನಲ್ಲಿ ನುಡಿಸಿ ನೋಡಿದರೆ ಎಲ್ಲವೂ ಹಾಗೆಯೇ ಇತ್ತು. ಸಂತೋಷಕ್ಕೆ ಅವನಿಗೆ ಅಂದು ಅನ್ನ ಸೇರಲಿಲ್ಲ.

ಧ್ವನಿಮುದ್ರಣದ ದಿನ ಎಲ್ಲರೂ ಸೇರಿದ್ದರು. ಸಂಯೋಜಕ ತಾನೇ ಹೋಗಿ ವಾದಕನ ಮುಂದೆ ಹಾಳೆ ಇಟ್ಟ. ವಾದಕ ನೋಡಿದ. ಹಾಳೆಯ ತುಂಬ ಸ್ವರಗಳು. ಮ್ಯಾಂಡೊಲಿನ್ ಎತ್ತಿಕೊಂಡ. ಮೊದಲ ಸಾಲು ಬಂತು. ಎರಡನೆಯ ಸಾಲಿನಲ್ಲಿ ಕಿರುಬೆರಳು ಚಾಚಬೇಕಾದ ಜಾಗ ಬಂದಾಗ ಕೈ ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿದ. ಮತ್ತೆ ಅಲ್ಲೇ ನಿಂತಿತು. ಈಗ ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಇಷ್ಟು ದಿನ ಮುಚ್ಚಿಟ್ಟದ್ದು ಎಲ್ಲರ ಎದುರು ಬಯಲಾಗಿತ್ತು.

"ಇದು ಯಾರು ನುಡ್ಸಿದ್ದೋ?" ಎಂದು ವಾದಕ ಮೆಲ್ಲಗೆ ಕೇಳಿದ.

"ನೀವೇ ಅಣ್ಣ. ನಮ್ಮ ಹಳೇ ಹಾಡಲ್ಲಿ ನೀವು ನುಡ್ಸಿದ್ದನ್ನೇ ಬರ್ಕೊಂಡು ಬಂದೆ."

ವಾದಕ ಹಾಳೆಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿದ. "ಒಳ್ಳೇ ಕೈ ಕಣೋ ಅವಂದು," ಎಂದ.

ಸಂಯೋಜಕನಿಗೆ ಆಗ ಅರ್ಥವಾಯಿತು. ಕಂಪ್ಯೂಟರಿನ ಬಳಿಗೆ ಓಡಿದ. ಬರೆದ ಸ್ವರಗಳನ್ನೆಲ್ಲ ಆಯ್ದು ಆಜ್ಞೆ ಕೊಟ್ಟ. ದಿನಗಟ್ಟಲೆ ಕೂತು ಬರೆದದ್ದೆಲ್ಲ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಓರೆಗೆರೆಗಳಾದವು. ಹೊಸ ಹಾಳೆ ತೆಗೆದು ತಂದು ಹಳೆಯದರ ಜಾಗದಲ್ಲಿ ಇಟ್ಟ. "ತಪ್ಪಾಯ್ತು ಅಣ್ಣ. ಇದನ್ನ ನೋಡಿ. ನಿಮಗೆ ತೋಚಿದ್ದು ನುಡ್ಸಿ, ಹೋದ್ಸಲದ ಹಾಗೆ," ಎಂದ.

ವಾದಕ ಗೆರೆಗಳನ್ನು ನೋಡುತ್ತಾ ಕೂತ. ಒಂದೆರಡು ಸಲ ತಂತಿಯ ಮೇಲೆ ಬೆರಳಿಟ್ಟು ತೆಗೆದ.

"ಮೊದ್ಲೇ ಇದನ್ನ ಕೊಟ್ಟಿದ್ರೆ ಏನಾದ್ರೂ ನುಡ್ಸ್ತಿದ್ದೆ ಕಣಪ್ಪ. ಈಗ ಯಾವ ಗೆರೆ ಕೆಳಗೆ ಏನಿತ್ತು ಅಂತ ಗೊತ್ತಾಗ್ಬಿಟ್ಟಿದೆಯಲ್ಲ. ಏನು ನುಡ್ಸಿದ್ರೂ ಅದು ಅಲ್ಲ ಅನ್ಸತ್ತೆ," ಎಂದ. ಮ್ಯಾಂಡೊಲಿನ್ನನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಎಲ್ಲರಿಗೂ ಕೈಮುಗಿದು ಹೊರಟುಹೋದ.

ಹಾಡು ನಿಲ್ಲಿಸುವ ಹಾಗಿರಲಿಲ್ಲ. ಓರೆಗೆರೆಗಳನ್ನು ಮತ್ತೆ ಸ್ವರಗಳಾಗಿ ತಿರುಗಿಸಿ, ಆ ಜಾಗದಲ್ಲಿ ಮ್ಯಾಂಡೊಲಿನ್ನನ್ನು ಕಂಪ್ಯೂಟರಿನಿಂದಲೇ ನುಡಿಸಿದರು. ಒಂದು ಸ್ವರವೂ ತಪ್ಪಲಿಲ್ಲ. ಹಾಡು ಕೇಳಿದವರು ಚೆನ್ನಾಗಿದೆ ಎಂದರು.

ಸಂಯೋಜಕ ವಾದಕನ ಮನೆಗೆ ಹಲವು ಸಲ ಹೋದ. ವಾದಕ ಬಾ ಎಂದು ಕೂರಿಸಿ ಕಾಫಿ ಕೊಡಿಸುತ್ತಿದ್ದ. ಮನೆ ಮಕ್ಕಳ ಆರೋಗ್ಯ ಕೇಳುತ್ತಿದ್ದ. ಒಂದು ಮಾತು ಬಿರುಸಾಗಿ ಆಡಲಿಲ್ಲ. ಬೈದಿದ್ದರೆ ಸಂಯೋಜಕನಿಗೆ ಎಷ್ಟೋ ಹಗುರಾಗುತ್ತಿತ್ತು. ಸಂಗೀತದ ವಿಷಯ ಬಂದರೆ ವಾದಕ ಎದ್ದು ಗಿಡಕ್ಕೆ ನೀರು ಹಾಕಲು ಹೋಗುತ್ತಿದ್ದ. ಮ್ಯಾಂಡೊಲಿನ್ ಆ ಮನೆಯಲ್ಲಿ ಕಾಣಲಿಲ್ಲ. ಅದನ್ನು ಯಾರಿಗೆ ಕೊಟ್ಟಿರಿ ಎಂದು ಕೇಳುವ ಧೈರ್ಯ ಸಂಯೋಜಕನಿಗೆ ಬರಲಿಲ್ಲ. ಎರಡು ಮಳೆಗಾಲ ಕಳೆಯುವುದರೊಳಗೆ ವಾದಕ ತೀರಿಕೊಂಡ. ಸ್ಟುಡಿಯೊದಿಂದ ಎದ್ದುಬಂದ ಮೇಲೆ ಅವನು ಒಮ್ಮೆಯೂ ನುಡಿಸಲಿಲ್ಲವೆಂದು ಅವನ ಹೆಂಡತಿ ಹೇಳಿದಳು.

ಮೇಷ್ಟ್ರು ಕತೆ ನಿಲ್ಲಿಸಿದರು. ಮೇದಿನಿಗೆ ಸಂಕಟವಾಗಿತ್ತು. ಸ್ವಲ್ಪ ಸಿಟ್ಟೂ ಬಂದಿತ್ತು.

"ಆದರೆ ಮೇಷ್ಟ್ರೇ, ಸಂಯೋಜಕನಿಗೆ ಬೆರಳಿನ ವಿಷಯ ಗೊತ್ತಿರಲಿಲ್ಲ. ಅವನು ಪ್ರೀತಿಯಿಂದ ತಾನೇ ಅಷ್ಟೆಲ್ಲ ಬರೆದದ್ದು?" ಎಂದಳು.

"ಪ್ರೀತಿಯಿಂದಲೇ ಬರೆದ ಮಗಳೇ. ಬರೆದದ್ದು ಹಿಂದೊಮ್ಮೆ ಇದ್ದವನಿಗೆ, ಓದಬೇಕಾಗಿ ಬಂದದ್ದು ಎದುರಿಗೆ ಕೂತಿದ್ದವನಿಗೆ," ಎಂದರು ಮೇಷ್ಟ್ರು.