ಓತಿಕ್ಯಾತ ತಲೆಯಾಡಿಸದ ಹಾಡು

ಕಪ್ಪೆ, ಜೀರುಂಡೆ, ಕಾಗೆ ಕಟ್ಟಿದ್ದ, ಅಬ್ಬರದ ರಾಕ್ ಸಂಗೀತ ನುಡಿಸುವ ಪ್ರೋಗ್ರೆಸಿವ್ ಮೆಟಲ್ ತಂಡ ತನ್ನ ಹೊಸ ಆಲ್ಬಮ್ಮನ್ನು ಕೆರೆದಂಡೆಯಲ್ಲಿ ನುಡಿಸಿತು. ಎದುರಿನ ಕಲ್ಲಿನ ಮೇಲೆ ಎಂದಿನಂತೆ ಓತಿಕ್ಯಾತ ಕೂತಿತ್ತು. ಅದು ತಲೆಯಾಡಿಸಿದಂತೆ ಕೆರೆಯವರೆಲ್ಲ ತಲೆಯಾಡಿಸುತ್ತಿದ್ದರು. ಅದು ಒಮ್ಮೆ ತಾಳ ತಪ್ಪಿದರೆ ಆ ಕಲ್ಲು ಬೇರೆಯವರ ಪಾಲು.

ಹಳೆಯ ಹಾಡುಗಳಲ್ಲಿ ಕಾಗೆ ಅರಚುತ್ತಿತ್ತು, ಏಳೇಳು ಪೆಟ್ಟಿನ ತಾಳಕ್ಕೆ ಓತಿಕ್ಯಾತದ ಕುತ್ತಿಗೆ ತಾನಾಗಿ ಕುಣಿಯುತ್ತಿತ್ತು. ಈ ಸಲ ಕಾಗೆ ಲಾಲಿ ಹಾಡಿತು, ನಡುವೆ ಒಮ್ಮೆ ಅರಚಿತು, ಮತ್ತೆ ಲಾಲಿಗೆ ಮರಳಿತು. ಓತಿಕ್ಯಾತಕ್ಕೆ ದಿಕ್ಕು ತೋಚದೆ ಎತ್ತಿದ ತಲೆ ಅಲ್ಲೇ ನಿಂತಿತು. ಕೂಡಲೇ ಹಾಡೂ ನಿಂತಿತು.

ಓತಿಕ್ಯಾತ ಕಲ್ಲಿಳಿದು, ಡ್ರಮ್ ಬಾರಿಸುವ ಕಪ್ಪೆಯ ಬಳಿಗೆ ಓಡಿತು.

"ಕಪ್ಪೆರಾಯರೇ, ನನ್ನ ಮಾನ ಉಳಿಸಿ. ಇದರಲ್ಲಿ ತಲೆ ಎಲ್ಲಿ ಆಡಿಸಬೇಕು?"

"ನಮ್ಮನ್ನು ಕೇಳ್ತೀಯಲ್ಲೋ ಮಾರಾಯ!" ಎಂದಿತು ಕಪ್ಪೆ. "ಮೊದಲ ಆಲ್ಬಮ್ಮಿನಿಂದಲೂ ನಾವು ತಾಳ ಹಿಡಿದದ್ದೇ ನಿನ್ನ ತಲೆ ನೋಡಿಕೊಂಡು. ಬೇಗ ಹೋಗಿ ಕೂರು, ಎಲ್ಲರೂ ನೋಡ್ತಿದ್ದಾರೆ."

ಓತಿಕ್ಯಾತ ತಿರುಗಿ ನೋಡಿದರೆ ಕಲ್ಲಿನ ಮೇಲೆ ಆಮೆ ಕೂತಿತ್ತು. ಕಣ್ಣು ಮುಚ್ಚಿ, ಆ ನಿಶ್ಶಬ್ದಕ್ಕೆ ತಲೆದೂಗುತ್ತಾ, "ತಂಡ ಮಾಗಿದೆ ಕಣ್ರಯ್ಯಾ" ಎನ್ನುತ್ತಿತ್ತು. ಕೆರೆಯವರೆಲ್ಲ ಜೊತೆಗೆ ತಲೆದೂಗಿದರು.

ಕಪ್ಪೆ ಒಂದು ಗಳಿಗೆ ಆಮೆಯ ತಲೆಯನ್ನೇ ನೋಡಿ, ಬಹಳ ನಿಧಾನವಾಗಿ ಡ್ರಮ್ ಬಾರಿಸತೊಡಗಿತು.