ಸುಟ್ಟುಹೋಗದ ತಂತಿ

ಒಂದೇ ವಾರದಲ್ಲಿ ಮೂರನೆಯ ಫ್ಯೂಸೂ ಸುಟ್ಟು ಲಾರಿ ನಿಂತಾಗ, ಅದರ ಎಂಜಿನ್ನಿಗೆ ಡೀಸೆಲ್ ಊಡುವ ಪಂಪಿಗೆ ರೇಗಿಹೋಯಿತು.

"ನಿಮ್ಮ ವಂಶಕ್ಕೇ ತಾಳಿಕೆಯಿಲ್ಲ! ಸುಟ್ಟುಹೋಗದವನೊಬ್ಬ ಬರಲಿ."

ಸಾಯುತ್ತಿದ್ದ ಫ್ಯೂಸು ಹೇಳಿತು: "ಪಂಪಣ್ಣ, ನಿನಗೆ ಬರುವ ವೈರು ಸವೆದು ಲಾರಿಯ ಕಬ್ಬಿಣದ ಚಾಸಿಗೆ ತಾಗುತ್ತಿದೆ. ಅದನ್ನು ತಿಳಿಸಲೆಂದೇ ನಾವು ಸಾಯುತ್ತಿರುವುದು."

ಡ್ರೈವರ್ ಮೈಲಾರಪ್ಪ ವೈರಿನ ಕಡೆ ತಿರುಗಿಯೂ ನೋಡಲಿಲ್ಲ. ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ತಂತಿ ಸಿಕ್ಕಿಸಿ ಗಾಡಿ ಬಿಟ್ಟ. ಪಂಪು ಹಿಗ್ಗಿ ಗುಂಯ್ಗುಟ್ಟಿತು.

ಘಾಟಿಯ ನಡುವೆ ಕಮರು ವಾಸನೆ ಬಂತು. ವೈರು ಹತ್ತಿಕೊಂಡಿತ್ತು. ಉರಿ ಪಂಪಿನತ್ತ ಸದ್ದಿಲ್ಲದೆ ತೆವಳುತ್ತಿತ್ತು. ಮೈಲಾರಪ್ಪ ಹೊರಗೆ ಧುಮುಕಿ ಓಡಿದ.

"ತಮ್ಮಾ, ಕರೆಂಟು ಬಿಡಬೇಡ, ಸುಟ್ಟುಹೋಗು!" ಪಂಪು ಕಿರುಚಿತು.

ತಂತಿ ತಣ್ಣಗೆ ಹೇಳಿತು: "ನಾನು ಸುಟ್ಟುಹೋಗುವವನಲ್ಲ ಅಣ್ಣ. ನೀನು ಕೇಳಿದ್ದೂ ಅದನ್ನೇ."