ಕೆಟ್ಟ ಮಾಲಿಗೊಂದು ಕೋಣೆ

"ಬುದ್ಧಿ, ನನ್ನ ಮನಸ್ಸಿನಲ್ಲಿ ಈಗ ಕೆಟ್ಟದ್ದು ಏನೂ ಉಳಿದಿಲ್ಲ. ನಾಲ್ಕು ಜನಕ್ಕೆ ಹೇಳಿಕೊಡುವ ಅಪ್ಪಣೆ ನನಗೆ ಯಾವಾಗ ಸಿಗುತ್ತದೆ?"

ಹೀಗೆ ಕೇಳಿದವನು ಮರುಳಯ್ಯ. ಅವನು ಮಠಕ್ಕೆ ಬಂದು ಬಹಳ ವರ್ಷಗಳಾಗಿದ್ದವು. ಓದು, ಪೂಜೆ, ದಾಸೋಹದ ಕೆಲಸ, ಯಾವುದರಲ್ಲೂ ಬೊಟ್ಟು ಮಾಡಿ ತೋರಿಸುವಂಥ ತಪ್ಪು ಅವನಲ್ಲಿರಲಿಲ್ಲ. ಒಂದು ಶಾಖಾಮಠದ ಹೊಣೆ ತನಗೆ ಬರಬೇಕು, ಅಲ್ಲಿ ತಾನೂ ಪಾಠ ಹೇಳಬೇಕು ಎಂಬುದೊಂದೇ ಅವನ ಆಸೆ. ಅಪ್ಪಣೆ ಕೊಡಬೇಕಾದವರು ಹಿರಿಯ ಸ್ವಾಮಿಗಳು. ಅವರು ಕೊಟ್ಟಿರಲಿಲ್ಲ. ಕೊಡುವುದಿಲ್ಲ ಎಂದೂ ಹೇಳಿರಲಿಲ್ಲ.

"ಏನೂ ಉಳಿದಿಲ್ಲವೇ?" ಎಂದು ಸ್ವಾಮಿಗಳು ಕೇಳಿದರು.

"ಏನೂ ಇಲ್ಲ ಬುದ್ಧಿ. ಮನಸ್ಸು ತಣ್ಣಗಿದೆ."

"ಸಂತೋಷ. ಹಾಗಾದರೆ ಕೂತುಕೋ. ತಣ್ಣನೆಯ ಜಾಗದ ಕತೆಯನ್ನೇ ಹೇಳುತ್ತೇನೆ."

ಬಂದರು ಇರುವ ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಪೇಟೆಯಲ್ಲಿದ್ದ ಅಂಗಡಿಗಳನ್ನೆಲ್ಲ ಮಾರಿ ದೊಡ್ಡದೊಂದು ಕೋಲ್ಡ್ ಸ್ಟೋರೇಜ್ ಕಟ್ಟಿಸಿದ. ಹೊರದೇಶದಿಂದ ಹಡಗಿನಲ್ಲಿ ಬರುವ ತಿನ್ನುವ ಪದಾರ್ಥ ನೇರವಾಗಿ ಅಂಗಡಿಗೆ ಹೋಗುವಂತಿಲ್ಲ. ಸರ್ಕಾರ ಒಪ್ಪಿದ ಗೋದಾಮಿನಲ್ಲಿ ಅದನ್ನು ಇಳಿಸಬೇಕು. ಅಲ್ಲಿಯೇ ತಪಾಸಣೆ ಆಗಬೇಕು. ಪಾಸಾದದ್ದು ಮಾತ್ರ ಹೊರಗೆ ಬರಬೇಕು. ಆ ಒಪ್ಪಿಗೆಯ ಸರ್ಟಿಫಿಕೇಟು ಸಿಕ್ಕರೆ ವ್ಯಾಪಾರಿಯ ಬದುಕು ದಡ ಸೇರಿದಂತೆ. ಸಿಗದಿದ್ದರೆ ಅಷ್ಟು ದೊಡ್ಡ ಕಟ್ಟಡದಲ್ಲಿ ಬರೀ ಚಳಿಯನ್ನು ಇಟ್ಟುಕೊಂಡು ಕೂರಬೇಕು. ಸೇಬು ತರಿಸುವ ಸಾಹುಕಾರನೊಬ್ಬ ಅವನಿಗೆ ಮಾತು ಕೊಟ್ಟಿದ್ದ. ಹಡಗು ಬರುವುದರೊಳಗೆ ಸರ್ಟಿಫಿಕೇಟು ಕೈಗೆ ಬಂದರೆ ತನ್ನ ಸೇಬನ್ನೆಲ್ಲ ಅಲ್ಲಿಯೇ ಇಳಿಸುವುದಾಗಿ ಹೇಳಿದ್ದ.

ಕಟ್ಟಡದ ನಕ್ಷೆ ಬರೆಯುವಾಗ ಎಂಜಿನಿಯರು ಒಂದು ಮೂಲೆಯಲ್ಲಿ ಸಣ್ಣ ಕೋಣೆ ತೋರಿಸಿದ್ದ, ಬೀಗ ಹಾಕುವಂಥದ್ದು. ಇದು ಯಾತಕ್ಕೆ ಎಂದು ವ್ಯಾಪಾರಿ ಕೇಳಿದ. ಕೆಟ್ಟ ಮಾಲು ಬಂದರೆ ಬೇರೆ ಇಡಲಿಕ್ಕೆ ಎಂದ ಎಂಜಿನಿಯರು. ವ್ಯಾಪಾರಿಗೆ ಅದು ಅಪಶಕುನ ಅನ್ನಿಸಿತು. ಒಳ್ಳೆಯ ಮಾಲು ಇನ್ನೂ ಬಾಗಿಲಿಗೆ ಬಂದಿಲ್ಲ, ಆಗಲೇ ಕೆಟ್ಟದ್ದಕ್ಕೆ ಮನೆ ಕಟ್ಟುವುದೇ? "ಬಿಡ್ತು ಅನ್ನಿ," ಎಂದ. ಎಂಜಿನಿಯರು ಬಿಡ್ತು ಎಂದು ಕೋಣೆಯನ್ನು ಅಳಿಸಿಹಾಕಿದ. ಆ ಜಾಗದಲ್ಲಿ ಬಂದವರು ಕೂರಲು ಗಾಜಿನ ಕೋಣೆ ಎದ್ದಿತು, ಒಳಗೆ ಮೆತ್ತನೆಯ ಸೋಫಾ. ನಮ್ಮ ಜನಕ್ಕೆ ಇದೊಂದು ಸುಖ, ಮರುಳಯ್ಯ. ಬಾಯಲ್ಲಿ ಬಿಡ್ತು ಅಂದರೆ ಸಾಕು, ಬರುವುದೆಲ್ಲ ಬಾಗಿಲಲ್ಲೇ ನಿಂತಿತು ಎಂದುಕೊಳ್ಳುತ್ತೇವೆ.

ತಪಾಸಣೆಗೆ ಅಧಿಕಾರಿಣಿಯೊಬ್ಬರು ಬಂದರು. ನೆಲ ನೋಡಿದರು, ಬಾಗಿಲು ನೋಡಿದರು, ಚಳಿಯನ್ನು ಅಳೆದರು. ಎಲ್ಲೂ ಕೊರತೆ ಇರಲಿಲ್ಲ. ವ್ಯಾಪಾರಿ ಅವರನ್ನು ಗಾಜಿನ ಕೋಣೆಗೆ ಕರೆದ. ಅವರು ಕೂರಲಿಲ್ಲ.

"ಫೇಲಾದ ಮಾಲನ್ನು ಎಲ್ಲಿಡ್ತೀರಿ?" ಎಂದು ಕೇಳಿದರು.

"ಬಿಡ್ತು ಅನ್ನಿ ಮೇಡಂ. ನಮ್ಮ ಗೋದಾಮಿಗೆ ಅಂಥ ಮಾಲು ಬರೋದೇ ಇಲ್ಲ."

"ಬಿಡ್ತು," ಎಂದರು ಆಕೆ. "ಈಗ ಹೇಳಿ. ಎಲ್ಲಿಡ್ತೀರಿ?"

ವ್ಯಾಪಾರಿ ಮತ್ತೆ ಸೋಫಾದ ಕಡೆ ಕೈ ತೋರಿಸಿದ. ಬೀಗ ಹಾಕುವ ಕೋಣೆ ಕಟ್ಟಿಸಿ ಆಮೇಲೆ ಕರೆಯಿರಿ ಎಂದು ಹೇಳಿ ಆಕೆ ಹೊರಟುಹೋದರು.

ವ್ಯಾಪಾರಿ ಕಟ್ಟಿಸಲಿಲ್ಲ. ಹಟ. ಒಂದೂ ಕೆಟ್ಟ ಪೆಟ್ಟಿಗೆ ಇಲ್ಲದ ಗೋದಾಮನ್ನು ಕಣ್ಣಾರೆ ಕಂಡರೆ ಆಕೆ ಒಪ್ಪಿಯೇ ಒಪ್ಪುತ್ತಾರೆ ಎಂದುಕೊಂಡ. ಬೇರೆ ಬೇರೆ ಊರುಗಳಿಂದ ಲಾರಿಯಲ್ಲಿ ಮಾಲು ತರಿಸಿ ಗೋದಾಮು ತುಂಬಿಸಿದ. ಅದರಲ್ಲಿ ಹೆಚ್ಚಿನದು ಹೆಪ್ಪುಗಟ್ಟಿಸಿದ ಹಸಿ ಬಟಾಣಿ. ಅಂಥ ಬಟಾಣಿ ಚೀಲದೊಳಗೆ ಬಿಡಿಬಿಡಿಯಾಗಿರುತ್ತದೆ, ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆ. ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಒಂದೇ ಗಡ್ಡೆಯಾಗಿಬಿಡುತ್ತದೆ. ಆಮೇಲೆ ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ.

ಹಡಗು ಬರಲು ಹೆಚ್ಚು ದಿನ ಉಳಿದಿರಲಿಲ್ಲ. ವ್ಯಾಪಾರಿ ಅಧಿಕಾರಿಣಿಯನ್ನು ಬೇಡಿಕೊಂಡು ಮತ್ತೊಮ್ಮೆ ಕರೆಸಿದ. ಅವರು ಮುಂದಿನ ಸಾಲಿನ ಒಂದು ಚೀಲವನ್ನು ಎತ್ತಿ ಅಲ್ಲಾಡಿಸಿದರು. ಗಲಗಲ ಎಂದಿತು. ಇನ್ನೊಂದನ್ನು ಎತ್ತಿದರು. ಅದೂ ಗಲಗಲ ಎಂದಿತು. ವ್ಯಾಪಾರಿಯ ಮುಖ ಅರಳಿತು. ಆಗ ಅವರು, ಹಿಂದಿನ ಸಾಲಿನಿಂದ ಒಂದು ಚೀಲ ತನ್ನಿ ಎಂದರು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕದಲಲಿಲ್ಲ. ಕೊನೆಗೆ ಮೇಸ್ತ್ರಿ ಹೋಗಿ ಒಂದು ಚೀಲ ತಂದು ಕೊಟ್ಟ. ಅಧಿಕಾರಿಣಿ ಅಲ್ಲಾಡಿಸಿದರು. ಸದ್ದು ಬರಲಿಲ್ಲ.

"ಲಾರಿ ದಾರಿಯಲ್ಲಿ ಕೆಟ್ಟು ನಿಂತಿತ್ತು," ಎಂದ ಮೇಸ್ತ್ರಿ.

"ನನಗೆ ಯಾಕೆ ಹೇಳ್ಲಿಲ್ಲ?" ಎಂದು ವ್ಯಾಪಾರಿ ಕೂಗಾಡಿದ.

"ಹೇಳಿದ್ರೆ ನೀವು ಬಿಡ್ತು ಅನ್ನು ಅಂತೀರಿ ಧಣಿ. ನಾವೂ ಬಿಡ್ತು ಅಂದ್ವಿ. ಆದ್ರೆ ಮಾಲನ್ನು ಎಲ್ಲಾದರೂ ಇಡಬೇಕಲ್ಲ?"

ವ್ಯಾಪಾರಿ ಅಧಿಕಾರಿಣಿಯ ಕಡೆ ತಿರುಗಿ, ಒಂದು ದಿನವೂ ವಾಸನೆ ಬರಲಿಲ್ಲವಲ್ಲ ಎಂದ.

"ಚಳಿಯಲ್ಲಿ ವಾಸನೆ ಬರೋದಿಲ್ಲ, ಅಷ್ಟೇ," ಎಂದರು ಆಕೆ. "ಇದನ್ನು ಕಂಡ ಮೇಲೆ ಮುಂದಿನ ಸಾಲನ್ನಾದರೂ ಹೇಗೆ ನಂಬೋದು?"

ಹಡಗು ಬಂತು. ಸೇಬೆಲ್ಲ ಬೇರೆಯವನ ಗೋದಾಮಿಗೆ ಹೋಯಿತು. ವ್ಯಾಪಾರಿ ಗಾಜಿನ ಕೋಣೆಯಲ್ಲಿ ಒಬ್ಬನೇ ಕೂತು ಅತ್ತ. ನನಗೆ ಅವನ ಮೇಲೆ ಕನಿಕರವಿದೆ. ಅವನೇನು ಮೋಸಗಾರನಲ್ಲ. ಕೆಟ್ಟದ್ದರ ಹೆಸರೆತ್ತಲು ಹೆದರುತ್ತಿದ್ದ, ಅಷ್ಟೇ. ಆಮೇಲೆ ತಾನೇ ನಿಂತು ಗಾಜು ಒಡೆಸಿದ, ಸೋಫಾ ಹೊರಗೆ ಹಾಕಿಸಿದ, ಅಲ್ಲಿ ಬೀಗದ ಕೋಣೆ ಕಟ್ಟಿಸಿದ. ಅಧಿಕಾರಿಣಿ ಬಂದು ನೋಡಿ ಸಹಿ ಮಾಡಿದರು. ಕೋಣೆಗೆ ಮೊದಲ ಕೆಟ್ಟ ಪೆಟ್ಟಿಗೆ ಹೋದ ದಿನ ವ್ಯಾಪಾರಿಗೆ ಬೇಸರವಾಯಿತು. ಆದರೆ ಹೊರಗೆ ಉಳಿದ ಪೆಟ್ಟಿಗೆಗಳ ಮೇಲೆ ಅವನಿಗೆ ನಂಬಿಕೆ ಬಂದದ್ದೂ ಆ ದಿನವೇ.

ಇಷ್ಟು ಹೇಳಿ ಸ್ವಾಮಿಗಳು ಕತೆ ಮುಗಿಸಿದರು.

ಮರುಳಯ್ಯ ಕೈ ಮುಗಿದ. "ಅರ್ಥವಾಯಿತು ಬುದ್ಧಿ. ಆದರೆ ನನ್ನೊಳಗೆ ಅಂಥ ಚೀಲ ನಿಜವಾಗಿಯೂ ಇಲ್ಲ. ನನಗಿಂತ ಎಷ್ಟೋ ಚಿಕ್ಕವನಾದ ನಿಜಗುಣನಿಗೆ ಹೋದ ತಿಂಗಳು ಹೊಳೆಯಾಚೆಯ ಮಠ ಕೊಟ್ಟಿರಿ. ಅದಕ್ಕೂ ನಾನು ಹೊಟ್ಟೆಕಿಚ್ಚು ಪಡಲಿಲ್ಲ."

"ನಿಜಗುಣನ ಹೆಸರನ್ನು ನಾನು ಎತ್ತಲೇ ಇಲ್ಲವಲ್ಲ, ಮರುಳಯ್ಯ," ಎಂದರು ಸ್ವಾಮಿಗಳು.